ಬಚ್ಚಲಮನೆಯ ಸಂಬಳ: ಮಗಳಿಗೊಂದು ಪತ್ರ

ಪುಟ್ಟಿ,

ನಿಮ್ಮ ನಾಟಕ ತಂಡ ಮಾರ್ಟಿನಾ ಮಯೋಕ್ ಅವರ ‘ಕಾಸ್ಟ್ ಆಫ್ ಲಿವಿಂಗ್’ ಓದಲು ಎತ್ತಿಕೊಂಡಿದೆ ಅಂದೆಯಲ್ಲ, ಬಹಳ ಸಂತೋಷವಾಯಿತು. 2018ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಪಡೆದ ನಾಟಕ. ಮಯೋಕ್ ಹುಟ್ಟಿದ್ದು ಪೋಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ದುಡಿದು ತಿನ್ನುವವರ ನಡುವೆ.

ಅದರಲ್ಲಿ ಜಾನ್ ಇದ್ದಾನಲ್ಲ, ಅವನನ್ನು ಬಿಡಬೇಡ. ಅವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಹಣವಂತ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಅವನಿಗೆ ಗಡ್ಡ ಹೆರೆದು ಸ್ನಾನ ಮಾಡಿಸುವ ಜೆಸ್ ಕೂಡ ಅಲ್ಲಿಯೇ ಓದಿದವಳು. ಆದರೆ ರಾತ್ರಿ ಬಾರಿನಲ್ಲಿ ಕೆಲಸ, ಮಲಗುವುದು ಕಾರಿನಲ್ಲಿ. ಒಂದು ಶುಕ್ರವಾರ ಸಂಜೆ ಬಾ ಅನ್ನುತ್ತಾನೆ ಜಾನ್. ತನ್ನನ್ನು ಇಷ್ಟಪಟ್ಟು ಕರೆದ ಅಂದುಕೊಂಡು ಅವಳು ಸಿಂಗರಿಸಿಕೊಂಡು ಬರುತ್ತಾಳೆ. ಅವನು ಕರೆದದ್ದು, ಬೇರೊಬ್ಬಳನ್ನು ಭೇಟಿಯಾಗಲು ತನ್ನನ್ನು ತಯಾರು ಮಾಡಲಿ ಎಂದು.

ಓದಿ ಸುಮ್ಮನೆ ಕೂತುಬಿಟ್ಟೆ. ಗಾಲಿಕುರ್ಚಿಯವರು ಎಂದರೆ ಸಾಧುಗಳು, ಕೃತಜ್ಞರು, ಇಲ್ಲವೇ ಪಾಪದವರು ಅಂತಲೇ ಜನ ನಮ್ಮನ್ನು ನೋಡುವುದು. ಮಯೋಕ್ ಜಾನ್‌ಗೆ ಆ ವಿನಾಯಿತಿ ಕೊಟ್ಟಿಲ್ಲ. ಅವನು ಯಜಮಾನ, ಅವಳು ಸಂಬಳದವಳು. ದೇಹ ಅವಳ ಕೈಯಲ್ಲಿದ್ದರೂ ಹಿಡಿತ ಅವನದೇ. ನನಗೆ ಸ್ನಾನ ಮಾಡಿಸಲು ಬರುವ ಹುಡುಗ ನಿನಗೂ ಗೊತ್ತಲ್ಲ. ನನ್ನ ಬೆನ್ನಿನ ಹುಣ್ಣು ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಬಲ್ಲ. ಅವನ ಮನೆ ಬಾಡಿಗೆ ಎಷ್ಟು ಅಂತ ಈ ನಾಟಕ ಓದಿದ ಮೇಲೆಯೇ ನಾನು ಕೇಳಿದ್ದು.

ಅದೇ ನಾಟಕದ ಆನಿಯದು ಬೇರೆ ಬಗೆ. ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡವಳು. ಅವಳ ಬಾಯಿಗೆ ಮಾತ್ರ ಯಾವ ತಡೆಯೂ ಇಲ್ಲ! ಬಿಟ್ಟುಹೋಗಿದ್ದ ಗಂಡ ಎಡ್ಡಿ, ಕೆಲಸವಿಲ್ಲದ ಲಾರಿ ಡ್ರೈವರ್, ನೋಡಿಕೊಳ್ಳುತ್ತೇನೆ ಅಂತ ಬರುತ್ತಾನೆ. ಟಬ್ಬಿನಲ್ಲಿ ಅವಳಿಗೆ ಸ್ನಾನ ಮಾಡಿಸುವಾಗ ಅವಳ ತೋಳನ್ನೇ ಪಿಯಾನೊ ಮಾಡಿಕೊಂಡು ನುಡಿಸುತ್ತಾನೆ. ಆ ದೃಶ್ಯಕ್ಕೆ ಕರುಣೆಯ ಸಂಗೀತ ಹಾಕಬೇಡಿ ಅಂತ ನಿಮ್ಮ ನಿರ್ದೇಶಕರಿಗೆ ಹೇಳು.

ಇನ್ನೊಂದು ಮಾತು. ಜಾನ್, ಆನಿ ಈ ಎರಡು ಪಾತ್ರಗಳನ್ನು ಅಂಗವಿಕಲ ಕಲಾವಿದರೇ ಮಾಡಬೇಕು ಎಂಬುದು ಮಯೋಕ್ ಅವರ ಪಟ್ಟು. 2022ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಜಾನ್ ಆದವರು ಗ್ರೆಗ್ ಮೋಜ್‌ಗಾಲಾ, ಅವರಿಗೂ ಸೆರೆಬ್ರಲ್ ಪಾಲ್ಸಿ. ಆನಿ ಆದ ಕೇಟಿ ಸುಲಿವನ್‌ಗೆ ಹುಟ್ಟಿನಿಂದಲೇ ಎರಡೂ ಕಾಲುಗಳ ಕೆಳಭಾಗವಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದವರು. ಆನಿಯ ಪಾತ್ರ ನಿನಗೆ ಬಂದರೆ ಬೇಡ ಅನ್ನು ಪುಟ್ಟಿ. ಜೆಸ್ ಪಾತ್ರ ಕೇಳು, ಅದಕ್ಕೂ ಎದೆಗಾರಿಕೆ ಬೇಕು.

ಆನಿಗೆ ತಕ್ಕವರನ್ನು ಹುಡುಕುವ ಮೊದಲು ನಿಮ್ಮ ತಾಲೀಮಿನ ಜಾಗ ಬದಲಿಸಿ. ಆ ಮಹಡಿಗೆ ನಾನಂತೂ ಹತ್ತಲಾರೆ, ಅವರೂ ಹತ್ತಲಾರರು. ನೆಲಮಟ್ಟದಲ್ಲಿ ಒಂದು ಹಾಲ್ ನೋಡಿ. ಬಾಡಿಗೆ ಹೆಚ್ಚಾದರೆ ಆ ಹೆಚ್ಚಿನದನ್ನು ನಾನು ಕೊಡುತ್ತೇನೆ.

ನಿನ್ನ,
ಅಪ್ಪ