ಎಣಿಸೋಕೆ ಲೂಪ್ ಯಾಕ್ರೀ?

ಸಂಪಾದಕರೇ,

ವಿದ್ಯಾರ್ಥಿ ಪುರವಣಿಲಿ ಜಾವಾಸ್ಕ್ರಿಪ್ಟ್ ಪಾಠ ಹಾಕ್ತಿರೋದು ಒಳ್ಳೇದೇ, ಆದ್ರೆ ಈ ವಾರ ಆಬ್ಜೆಕ್ಟ್‌ನಲ್ಲಿ ಎಷ್ಟು ಪ್ರಾಪರ್ಟಿ (ಹೆಸರು-ಮೌಲ್ಯದ ಜೋಡಿ) ಇದೆ ಅಂತ ಎಣಿಸೋಕೆ ಫಾರ್-ಇನ್ ಲೂಪ್ ಹಾಕಿ ಒಂದೊಂದೇ ಕೂಡಿಸ್ಕೊಂಡು ಹೋಗಿ ಅಂತ ಹೇಳಿಕೊಟ್ಟಿದ್ದೀರಲ್ಲ, ಅದು ಹಳೇ ಕಾಲದ ದಾರಿ. 2009ರ ಇಎಸ್5 ಅನ್ನೋ ಜಾವಾಸ್ಕ್ರಿಪ್ಟ್ ಆವೃತ್ತಿಲೇ ಆಬ್ಜೆಕ್ಟ್.ಕೀಸ್ ಬಂತು, ಅದು ಕೊಡೋ ಹೆಸರುಗಳ ಅರೇಗೆ (ಪಟ್ಟಿಗೆ) ಲೆಂತ್ (ಉದ್ದ) ಕೇಳಿದ್ರೆ ಮುಗೀತು, ಒಂದೇ ಲೈನು. ಫಾರ್-ಇನ್ ಆದ್ರೆ ಆಬ್ಜೆಕ್ಟ್‌ನ ಮೂಲ ಮಾದರಿಯಾದ ಪ್ರೋಟೋಟೈಪ್‌ನಿಂದ ಬಂದಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತೆ, ಯಾವ್ದೋ ಹಳೇ ಲೈಬ್ರರಿ ಆಬ್ಜೆಕ್ಟ್.ಪ್ರೋಟೋಟೈಪ್‌ಗೆ ಒಂದು ಫಂಕ್ಷನ್ ಅಂಟಿಸಿಟ್ಟಿದ್ರೆ ಖಾಲಿ ಆಬ್ಜೆಕ್ಟ್‌ಗೂ ಉತ್ತರ 1 ಅಂತ ಬರುತ್ತೆ. ಅದಕ್ಕೇ ಪ್ರಾಪರ್ಟಿ ಸ್ವಂತದ್ದೇನಾ ಅಂತ ನೋಡೋ ಹ್ಯಾಸ್‌ಓನ್‌ಪ್ರಾಪರ್ಟಿ ಚೆಕ್ ಹಾಕ್ಬೇಕು, ನಿಮ್ಮ ಪಾಠದಲ್ಲಿ ಅದೂ ಇಲ್ಲ.

ಹಾಗಂತ ಕೀಸ್ ಪುಕ್ಕಟೆ ಅಂತಲ್ಲ, ಕರೆದಾಗೆಲ್ಲ ಎಲ್ಲಾ ಹೆಸರುಗಳನ್ನ ತುಂಬಿಸಿ ಹೊಸ ಅರೇ ಕೊಡುತ್ತೆ, ನಾವು ಬರೀ ಸಂಖ್ಯೆ ನೋಡ್ಕೊಂಡು ಅರೇನ ಬಿಸಾಕ್ತೀವಿ. ಹತ್ತಿಪ್ಪತ್ತು ಪ್ರಾಪರ್ಟಿಗೆ ಇದೆಲ್ಲ ತಲೆ ಕೆಡಿಸ್ಕೊಳೋ ವಿಷಯವೇ ಅಲ್ಲ ಬಿಡಿ. ಆದ್ರೆ ಪರೀಕ್ಷೆ ಫಲಿತಾಂಶದ ಆಬ್ಜೆಕ್ಟ್‌ಗೆ ರಿಜಿಸ್ಟರ್ ನಂಬರ್ ಒಂದೊಂದಾಗಿ ಸೇರಿಸ್ತಾ, ಪ್ರತಿ ಸಲಾನೂ 'ಈಗ ಎಷ್ಟಾಯ್ತು' ಅಂತ ಕೀಸ್ ಕೇಳ್ತಾ ಹೋದ್ರೆ 10,000 ಹೆಸರು ಮುಗಿಯೋ ಹೊತ್ತಿಗೆ ಅರೇಗಳಿಗೆ ತುಂಬಿದ ಹೆಸರು ಒಟ್ಟು 5 ಕೋಟಿ ದಾಟಿರುತ್ತೆ, ಇಂಥ ಕೋಡ್ ಬರೆದು ಆಮೇಲೆ ಬ್ರೌಸರ್ ಸ್ಲೋ ಅಂತ ಬೈಯೋರೇ ಜಾಸ್ತಿ.

ಇಂಥ ಕಡೆ ಮ್ಯಾಪ್ ಬಳಸ್ಬೇಕು, ಅದೂ ಹೆಸರು-ಮೌಲ್ಯದ ಜೋಡಿಗಳನ್ನೇ ಇಟ್ಕೊಳ್ಳೋ ಇನ್ನೊಂದು ರಚನೆ. 2015ರಿಂದಲೇ ಇದೆ, ಸೈಜ್ ಅಂತ ಕೇಳಿದ್ರೆ ಸಂಖ್ಯೆ ತಕ್ಷಣ ಸಿಗುತ್ತೆ, ಹೊಸ ಅರೇ ಗಿರೇ ಏನೂ ಬೇಡ. ಒಂದೇ ಕಿರಿಕಿರಿ ಅಂದ್ರೆ ಮ್ಯಾಪನ್ನ ನೇರ ಜೆಸಾನ್ (ಡೇಟಾನ ಪಠ್ಯವಾಗಿ ಬರೆಯೋ ರೂಪ) ಮಾಡೋಕೆ ಹೋದ್ರೆ ಒಳಗೆ ಎಷ್ಟೇ ಡೇಟಾ ಇದ್ರೂ ಖಾಲಿ ಬ್ರಾಕೆಟ್ ಬರುತ್ತೆ, ಎರರ್ ಕೂಡ ಬರಲ್ಲ, ಮೊದಲು ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್ ಹಾಕಿ ಆಬ್ಜೆಕ್ಟ್ ಮಾಡ್ಕೋಬೇಕು. ಇನ್ನು ಆಬ್ಜೆಕ್ಟ್ ಖಾಲಿನಾ ಅಲ್ವಾ ಅಂತ ಮಾತ್ರ ಗೊತ್ತಾಗ್ಬೇಕಿದ್ರೆ ಪೂರ್ತಿ ಎಣಿಸೋದೇ ದಂಡ, ಸ್ವಂತದ್ದು ಒಂದು ಪ್ರಾಪರ್ಟಿ ಸಿಕ್ಕ ತಕ್ಷಣ ಲೂಪ್ ನಿಲ್ಲಿಸಿಬಿಡಿ, ಅಲ್ಲಿ ಫಾರ್-ಇನ್ನೇ ಸರಿ.

ಮತ್ತೊಂದು, ಇದು ಲೇಖಕರ ತಪ್ಪಲ್ಲ, ನಿಮ್ಮ ಪೇಜ್ ಮಾಡೋರದ್ದು. ಕೋಡ್ ಒಳಗಿನ ನೇರ ಕೋಟ್ ಗುರುತೆಲ್ಲ ಅಚ್ಚಲ್ಲಿ ಬಾಗಿದ ಕೋಟ್ ಆಗಿ ಬರ್ತಿದೆ, ಮಕ್ಕಳು ಇ-ಪೇಪರ್‌ನಿಂದ ಕಾಪಿ ಮಾಡಿ ಹಾಕಿದ್ರೆ ಮೊದಲ ಲೈನಲ್ಲೇ ಸಿಂಟ್ಯಾಕ್ಸ್ ಎರರ್. ಮುಂದಿನ ವಾರ ತಿದ್ದುಪಡಿ ಹಾಕುವಾಗ ಅದನ್ನೂ ಸ್ವಲ್ಪ ನೋಡಿ.

- ಪುರವಣಿಯ ಓದುಗ, ಹಾಸನ