ಸಾಬು ಪಕ್ಕದಲ್ಲಿ ನಿಂತವರು ಯಾರು?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಸಿನಿಮಾ ನಟ ಸಾಬು ಬಗ್ಗೆ ಬಂದ ಲೇಖನ ಓದಿದೆ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಮೈಸೂರು ಅರಮನೆಯ ಆನೆಲಾಯದಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ ಕಥೆ. ನಮ್ಮ ಸೀಮೆಯ ಹುಡುಗ ಅಂತ ನನಗೂ ಹೆಮ್ಮೆಯೇ. ಆದರೆ ನಾನು ನಾಟಕದವರಿಗೆ ಮೇಕಪ್ ಮಾಡುವವನು. ಯಾವ ಸಿನಿಮಾ ನೋಡಿದರೂ ಕಣ್ಣು ಮೊದಲು ಕತ್ತು, ಮಣಿಕಟ್ಟು, ಕಿವಿಯ ಹಿಂಭಾಗಕ್ಕೆ ಹೋಗುತ್ತದೆ. ಅವಸರದಲ್ಲಿ ಬಣ್ಣ ತಪ್ಪಿಹೋಗುವ ಜಾಗಗಳು ಅವು. ಹಾಗಾಗಿ ಸಾಬುಗಿಂತ ಅವನ ಸುತ್ತ ನಿಂತವರನ್ನೇ ನಾನು ಜಾಸ್ತಿ ನೋಡುತ್ತೇನೆ. ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ.

1937ರ 'ಎಲಿಫೆಂಟ್ ಬಾಯ್' ತಗೊಳ್ಳಿ. ಕಾಡು ಮೈಸೂರಿನದು, ಆನೆಗಳು ಮಹಾರಾಜರವು. ಅಲ್ಲಿ ಸಾಬುವಿನ ಅಪ್ಪನ ಪಾತ್ರ ಮಾಡಿದವರು ಡಬ್ಲ್ಯೂ. ಇ. ಹಾಲೊವೇ. 'ಮಾಚುವ ಅಪ್ಪ' ಎಂಬ ಹೆಸರಿನ ಪಾತ್ರ ಆಲನ್ ಜೀಸ್ ಅವರದು. ಇಬ್ಬರೂ ಬಣ್ಣ ಬಳಿದುಕೊಂಡ ಬಿಳಿಯರು. ಮಾವುತರು, ಕಾವಾಡಿಗಳು ಇದ್ದ ಊರಲ್ಲೇ ಶೂಟಿಂಗ್ ನಡೆಸಿ, ಮಾವುತನ ಪಾತ್ರಕ್ಕೆ ಇಂಥವರನ್ನು ಹಾಕಿಕೊಂಡರು! 1942ರ 'ಜಂಗಲ್ ಬುಕ್'ನಲ್ಲೂ ಇದೇ ಕಥೆ. ಮೌಗ್ಲಿಯ ತಾಯಿ ರೋಸ್‌ಮರಿ ಡಿಕ್ಯಾಂಪ್, ಅಮೆರಿಕದವರು.

1947ರ 'ಬ್ಲ್ಯಾಕ್ ನಾರ್ಸಿಸಸ್' ನೋಡಿದರೆ ಕಸುಬಿನವನಾಗಿ ಬೆರಗಾಗುತ್ತೇನೆ. ಅದರ ಹಿಮಾಲಯವೂ ಬಣ್ಣದ್ದೇ, ಗಾಜಿನ ಮೇಲೆ ಬರೆದದ್ದು. ಇಂಗ್ಲೆಂಡು ಬಿಟ್ಟು ಕದಲದೆ ಎಂಥ ಬೆಟ್ಟ, ಎಂಥ ಪ್ರಪಾತ ತೋರಿಸಿದ್ದಾರೆ! ಛಾಯಾಗ್ರಹಣಕ್ಕೆ, ಕಲಾ ನಿರ್ದೇಶನಕ್ಕೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಅದರಲ್ಲಿ ಸಾಬು ಮನಸೋಲುವ ಬೆಟ್ಟದ ಹುಡುಗಿ ಕಾಂಚಿಯಾಗಿ ಜೀನ್ ಸಿಮನ್ಸ್, ಇಂಗ್ಲಿಷ್ ಹುಡುಗಿ. ಮೂಗಿಗೆ ಆಭರಣ, ಮೈಗೆಲ್ಲ ಕಂದು ಬಣ್ಣ, ಬಾಯಲ್ಲಿ ಮಾತೇ ಇಲ್ಲ. ಮೇಕಪ್ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಆದರೆ ಪಾತ್ರಕ್ಕೆ ಕೊಟ್ಟದ್ದು ಅಷ್ಟೇ.

ಬಣ್ಣ ಹಚ್ಚುವುದೇ ತಪ್ಪು ಎನ್ನಲು ನಾನ್ಯಾರು, ಅದೇ ನನ್ನ ಅನ್ನ. ನಮ್ಮ ಕಂಪನಿ ನಾಟಕಗಳಲ್ಲೂ ಗಂಡಸರು ಸೀರೆ ಉಟ್ಟು ಸ್ತ್ರೀಪಾತ್ರ ಮಾಡಿದ್ದಾರೆ. ಹೆಣ್ಣುಮಕ್ಕಳಿಗೆ ರಂಗ ಹತ್ತಲು ಬಿಡದ ಕಾಲ ಅದು, ಅದೇನೂ ಹೊಗಳುವ ಮಾತಲ್ಲ. ಆದರೆ ಹಾಲಿವುಡ್ಡಿನಲ್ಲಿ ನಟಿ ಕಣ್ಣೆದುರೇ ಇದ್ದಳು. ಲಾಸ್ ಏಂಜಲೀಸಿನಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ಆನಾ ಮೇ ವಾಂಗ್, ಮೂಕಿ ಚಿತ್ರಗಳ ಕಾಲದಿಂದಲೂ ಹೆಸರು ಮಾಡಿದವರು. 1937ರಲ್ಲೇ ಬಂದ 'ದಿ ಗುಡ್ ಅರ್ಥ್' ಚೀನಾದ ರೈತರ ಕಥೆ. ನಾಯಕ ಪಾಲ್ ಮುನಿ, ಬಿಳಿಯ. ಬೇರೆ ಬೇರೆ ಜನಾಂಗದವರ ಪ್ರೇಮ, ದಾಂಪತ್ಯ ತೆರೆಯ ಮೇಲೆ ಬರಬಾರದು ಎಂಬ ಕಟ್ಟಳೆ ಆಗ ಇತ್ತು. ಗಂಡ ಬಿಳಿಯನಾದ ಮೇಲೆ ಹೆಂಡತಿಯೂ ಬಿಳಿಯಳೇ ಆಗಬೇಕಾಯಿತು. ಪಾತ್ರ ಲೂಯಿಸ್ ರೈನರ್ ಪಾಲಾಯಿತು, ಆಸ್ಕರೂ ಸಿಕ್ಕಿತು. ಆನಾ ಮೇ ಅವರಿಗೆ ಎರಡನೇ ಹೆಂಗಸು, ಸಂಸಾರ ಒಡೆಯುವವಳ ಪಾತ್ರ ಮಾಡುತ್ತೀರಾ ಅಂತ ಕೇಳಿದರು. ಅವರು ಒಲ್ಲೆ ಎಂದರು.

ಸಾಬುಗೂ ಬೇರೆ ಥರ ಆಗಲಿಲ್ಲ. 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್'ಗಳಲ್ಲಿ ನಾಯಕಿ ಸಿಗುವುದು ನಾಯಕ ಜಾನ್ ಹಾಲ್‌ಗೆ, ಸಾಬು ಅವನ ಜೊತೆಗಾರ. ಅಮೆರಿಕದ ಪೌರನಾಗಿ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ಪದಕ ಗೆದ್ದು ಬಂದ ಮೇಲೂ ಇವನೇ ನಾಯಕ ಎನ್ನುವಂಥ ದೊಡ್ಡ ಚಿತ್ರ ಬರಲಿಲ್ಲ. 1963ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡ. ನಿಮ್ಮ ಲೇಖನ ಈ ಕೊನೆಯ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿದೆ.

ಮುಂದಿನ ಸಲ ಸಾಬು ಬಗ್ಗೆ ಬರೆಸುವಾಗ ಪಾತ್ರವರ್ಗದ ಪಟ್ಟಿಯನ್ನು ಪೂರ್ತಿ ಹಾಕಿ, ಯಾವ ಪಾತ್ರ ಯಾರು ಮಾಡಿದರು ಅಂತ. ಆ ಶೂಟಿಂಗಿಗೆ ದುಡಿದ ಮಾವುತ, ಕಾವಾಡಿಗಳ ಮನೆತನದವರು ಕಾರಾಪುರದ ಕಡೆ ಸಿಕ್ಕರೆ ಅವರನ್ನೂ ಮಾತಾಡಿಸಿ. ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.

— ಒಬ್ಬ ನಾಟಕದ ಮೇಕಪ್‌ನವನು, ಮೈಸೂರು