ಹೊಳೆ ‘ಹೋಳೇ’ ಆಗದಿರಲಿ

ಚಿತ್ರಸಾಹಿತಿ ಚಿ. ಉದಯಶಂಕರ್ ತೀರಿಹೋದದ್ದು 1993ರ ಜುಲೈಯಲ್ಲಿ. ಅರುವತ್ತು ತುಂಬಿರಲಿಲ್ಲ, 59. ಬರುವ ಜುಲೈಯಲ್ಲಿ ಪುಣೆಯ ನಮ್ಮ ಸಂಘ ನಡೆಸುವ ‘ಗೀತನಮನ’ದಲ್ಲಿ ಹಾಡಲು ಹೆಸರು ಕೊಟ್ಟಿರುವ ಮಕ್ಕಳಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ. ಆದರೂ ಅವರು ಆರಿಸಿಕೊಂಡ ಹಾಡುಗಳಲ್ಲಿ ಮುಕ್ಕಾಲು ಪಾಲು ಉದಯಶಂಕರ್ ಅವರವೇ. ಚೀಟಿಯಲ್ಲಿ ಮಾತ್ರ ‘ರಾಜ್‌ಕುಮಾರ್ ಹಾಡು’ ಎಂದಿದೆ. ಬರೆದವರ ಹೆಸರು ಹಾಡಿದವರ ಹೆಸರಿನ ನೆರಳಿಗೆ ಸರಿಯುವುದು ಚಿತ್ರಸಾಹಿತಿಗಳ ಹಣೆಬರಹ. ನಮ್ಮ ನಿರೂಪಕರಾದರೂ ಪ್ರತಿ ಹಾಡಿಗೂ ಮೊದಲು ಸಾಹಿತ್ಯ, ಆಮೇಲೆ ಸಂಗೀತ, ಆಮೇಲೆ ಗಾಯಕ ಎಂಬ ಕ್ರಮದಲ್ಲಿ ಹೆಸರು ಹೇಳಲಿ.

ಪುಣೆಯವರಾದ ನಮಗೆ ಅವರೊಂದಿಗೆ ಸಣ್ಣ ನೆಂಟಸ್ತನವೂ ಇದೆ. ಚಿತ್ರಸಾಹಿತಿ ಚಿ. ಸದಾಶಿವಯ್ಯನವರ ಈ ಮಗ ಅಪ್ಪನ ಕಸುಬಿಗೆ ಕಾಲಿಟ್ಟದ್ದು 1963ರ ‘ಸಂತ ತುಕಾರಾಂ’ ಚಿತ್ರದಿಂದ. ಆ ತುಕಾರಾಮನ, ಇಲ್ಲಿಯವರ ತುಕೋಬಾನ, ಊರಾದ ದೇಹು ಇಲ್ಲಿಂದ ಸುಮಾರು 30 ಕಿಲೋಮೀಟರ್. ಮರಾಠಿ ಸಂತನ ಬಾಯಿಗೆ ಕನ್ನಡ ಕೊಟ್ಟು ಶುರುವಾದ ಕೆಲಸ ಮೂವತ್ತು ವರ್ಷ ನಡೆಯಿತು. ಈಗ ನೋಡಿದರೆ ಅವರ ಕನ್ನಡವನ್ನು ನಮ್ಮ ಮಕ್ಕಳು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದಾರೆ. ಹಾಡು ಕೆಡುತ್ತಿರುವುದು ಅಲ್ಲಿಯೇ.

ಉದಯಶಂಕರ್ ಪದಗಳು ಅಂಗಡಿ, ಅಡುಗೆಮನೆಯಲ್ಲಿ ಆಡುವ ಪದಗಳು. ಸಂಭಾಷಣೆಯನ್ನೂ ಅವರೇ ಬರೆಯುತ್ತಿದ್ದುದರಿಂದ ಪಾತ್ರ ಮಾತು ಬಿಟ್ಟು ಹಾಡಿಗೆ ದಾಟಿದರೂ ಹೊಲಿಗೆ ಕಾಣುವುದಿಲ್ಲ. ಇಷ್ಟು ಸರಳವಾದದ್ದನ್ನು ಬರೆಯುವುದೇನು ಮಹಾ ಎನ್ನುವವರು ಒಮ್ಮೆ ಹಾಡಿನ ಮಟ್ಟಿಗೆ, ಅಂದರೆ ಧಾಟಿಗೆ, ಬರೆದು ನೋಡಬೇಕು. ಸಿನಿಮಾದಲ್ಲಿ ಸಾಮಾನ್ಯವಾಗಿ ಮಟ್ಟು ಮೊದಲು, ಮಾತು ಆಮೇಲೆ. ಹಾರ್ಮೋನಿಯಂ ಮುಂದೆ ಗುನುಗಿದ ‘ತಾನನ’ಗಳ ಖಾಲಿ ಮನೆಗಳಿಗೆ ಕನ್ನಡ ತುಂಬಬೇಕು. ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು. ಒಂದು ಮಾತ್ರೆಯ ಲಘು ಬೇಕಾದಲ್ಲಿ ಎರಡು ಮಾತ್ರೆಯ ಗುರು ಕೂತರೆ ಹಾಡುವವರ ನಾಲಿಗೆ ಎಡವುತ್ತದೆ. ಅವರ ಕಸುಬುದಾರಿಕೆ ಇರುವುದು ಈ ಅಳತೆಯಲ್ಲಿ.

‘ಚಲಿಸುವ ಮೋಡಗಳು’ (1982) ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತ ಕೊಟ್ಟ, ರಾಜ್‌ಕುಮಾರ್ ಹಾಡಿದ ‘ಜೇನಿನ ಹೊಳೆಯೋ ಹಾಲಿನ ಮಳೆಯೋ’ ಸಾಲನ್ನೇ ಎಣಿಸಿ. ಜೇ-ನಿ-ನ: ಎರಡು, ಒಂದು, ಒಂದು. ಹೊ-ಳೆ-ಯೋ: ಒಂದು, ಒಂದು, ಎರಡು. ಹಾಲಿನ, ಮಳೆಯೋ ಕೂಡ ಹಾಗೆಯೇ. ನಾಲ್ಕು ಪದ, ಪದಕ್ಕೆ ನಾಲ್ಕು ಮಾತ್ರೆ, ಒಟ್ಟು 16. ಒಂದರಲ್ಲಿ ಗುರು ಮುಂದೆ, ಮರುಪದದಲ್ಲಿ ಗುರು ಹಿಂದೆ. ತಾನನ ತನನಾ, ತಾನನ ತನನಾ. ತೊಟ್ಟಿಲು ಆಚೆ ಹೋಗಿ ಈಚೆ ಬಂದ ಹಾಗೆ.

ಈಗ ಇದನ್ನು ದೇವನಾಗರಿಯಲ್ಲಿ ಬರೆಯಿರಿ. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಇರುವ ಒಂದೊಂದು ಚಿಹ್ನೆಯನ್ನು ಕನ್ನಡ ಗೊತ್ತಿಲ್ಲದ ಕಣ್ಣು ದೀರ್ಘವಾಗಿಯೇ ಓದುತ್ತದೆ. ಹೊಳೆಯೋ ‘ಹೋಳೇಯೋ’ ಆಗಿ ಆರು ಮಾತ್ರೆ, ಮಳೆಯೋ ‘ಮಳೇಯೋ’ ಆಗಿ ಐದು. 16 ಇದ್ದದ್ದು 19. ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತದ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲವಾದ್ದರಿಂದ ಹೆಚ್ಚಾದ ಮೂರು ಮಾತ್ರೆಯನ್ನು ಮಗು ಎಲ್ಲಿಯಾದರೂ ನುಂಗಲೇಬೇಕು. ನುಂಗುವುದು ಕೊನೆಯ ‘ಯೋ’ವನ್ನು, ಅಂದರೆ ನಿಜವಾಗಿ ಎಳೆಯಬೇಕಾದ ಅಕ್ಷರವನ್ನು. ಎರಡನೆಯ ತೊಂದರೆ ಇನ್ನೂ ನವಿರು. ಮರಾಠಿಯಲ್ಲಿ ಪದದ ಕೊನೆಯ ‘ಅ’ ಉಚ್ಚಾರದಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಜೇನಿನ ‘ಜೇನಿನ್’, ಹಾಲಿನ ‘ಹಾಲಿನ್’. ವ್ಯಂಜನದಲ್ಲಿ ನಿಂತ ‘ನಿನ್’ ಗುರುವಾಗುವುದರಿಂದ ಇಲ್ಲಿ ಮಾತ್ರೆ ನಾಲ್ಕೇ ಉಳಿಯುತ್ತದೆ, ತಾಳ ತಪ್ಪುವುದಿಲ್ಲ. ಅದಕ್ಕೇ ಕಲಿಸುವವರಿಗೂ ಗೊತ್ತಾಗುವುದಿಲ್ಲ. ಕೇಳುವ ಅಜ್ಜಿಗೆ ಮಾತ್ರ ಎಲ್ಲೋ ಕಲ್ಲು ಸಿಕ್ಕಂತಾಗುತ್ತದೆ.

ಮರಾಠಿಯನ್ನೇ ದೂರಿದಂತೆ ಆಗಬಾರದು. ‘ಕಸ್ತೂರಿ ನಿವಾಸ’ದ (1971) ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡಿನಲ್ಲಿ ‘ಬೀಲಿಸಿ’ ಎನ್ನುವುದು ಮನೆಯಲ್ಲಿ ಹಿಂದಿ-ಇಂಗ್ಲಿಷ್ ಮಾತ್ರ ಆಡುವ ಮಕ್ಕಳು. ಮರಾಠಿ ಶಾಲೆಯ ಮಕ್ಕಳ ‘ಳ’ ಸ್ಪಷ್ಟ ಅಂದರೆ ಸ್ಪಷ್ಟ.

ಮುದ್ರಿಸುವ ಹಾಳೆಗೆ ಹೀಗೆ ಮಾಡೋಣ. ಮೇಲಿನ ಸಾಲು ಕನ್ನಡದಲ್ಲಿ, ಕೆಳಗಿನದು ದೇವನಾಗರಿಯಲ್ಲಿ, ಎರಡೂ 14 ಪಾಯಿಂಟ್. ಹ್ರಸ್ವ ಎ, ಒ ಬಂದಲ್ಲೆಲ್ಲ ಅಕ್ಷರದ ತಲೆಯ ಮೇಲೆ ನೀಲಿ ಪೆನ್ನಿನಿಂದ ಬಟ್ಟಲಿನಂಥ ಲಘು ಗುರುತು. ಬೀಳಬಾರದ ಕೊನೆಯ ‘ಅ’ಕಾರದ ಕೆಳಗೆ ಕೆಂಪು ಚುಕ್ಕೆ. ಯೂನಿಕೋಡ್‌ನ ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಚಿಹ್ನೆಗಳೇ ಇವೆ, ನಿಜ. ಆದರೆ ಮರಾಠಿ ಶಾಲೆಯಲ್ಲಿ ಅವನ್ನು ಕಲಿಸುವುದಿಲ್ಲ. ಹಳೆಯ ಫಾಂಟಿನಲ್ಲಿ ಮುದ್ರಿಸಿದರೆ ಅಕ್ಷರದ ಪಕ್ಕದಲ್ಲಿ ಚುಕ್ಕೆಗಳ ಉಂಗುರವೊಂದು ಬಂದು ಕೂರುತ್ತದೆ. ಪೆನ್ನೇ ವಾಸಿ. ಸಾಹಿತ್ಯವನ್ನು ಅಂತರ್ಜಾಲದಿಂದ ಎತ್ತಿ ನೇರ ಅಂಟಿಸುವುದು ಬೇಡ. ಅಲ್ಲಿ ಹೊ-ಹೋ, ಲ-ಳ ಅದಲುಬದಲಾಗಿರುವುದು ಸಾಮಾನ್ಯ. ಮೂಲ ಧ್ವನಿಮುದ್ರಿಕೆ ಕೇಳುತ್ತಾ ಇಬ್ಬರು ತಿದ್ದಬೇಕು, ಒಬ್ಬರು ಸಾಲದು.

ಕಲಿಸುವಾಗ ಮೊದಲ ದಿನ ರಾಗ ಬೇಡವೇ ಬೇಡ. ಸಾಲನ್ನು ಬರೀ ಮಾತಿನಂತೆ ಹೇಳಿಸಿ, ನಾಲ್ಕು ಮಾತ್ರೆಗೊಂದು ಚಪ್ಪಾಳೆ ಹಾಕಿಸಿ. ‘ನಾವಾಡುವ ನುಡಿಯೇ ಕನ್ನಡ ನುಡಿ’ (‘ಗಂಧದ ಗುಡಿ’, 1973) ಇದಕ್ಕೆ ಹೇಳಿ ಮಾಡಿಸಿದ್ದು: ನಾವಾ, ಡುವನುಡಿ, ಯೇಕನ್, ನಡನುಡಿ. ಚಪ್ಪಾಳೆ ಪದದ ನಡುವೆ ಬಿದ್ದರೂ ಲೆಕ್ಕ 16ಕ್ಕೇ ಮುಗಿಯುತ್ತದೆ. ‘ಆಡಿಸಿ ನೋಡು’ ಮಾತ್ರ ನಾಲ್ಕು-ಮೂರರ ನಡೆ. ಅಲ್ಲಿ ನಾಲ್ಕರ ಚಪ್ಪಾಳೆ ಹಾಕಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇದು ಮಾತಿನ ಲೆಕ್ಕ, ಮಟ್ಟಿನ ತಾಳ ಇದರ ಮೇಲೆ ಬೇರೆಯಾಗಿಯೇ ಕೂರಬಹುದು. ‘ಹಾಡಿನಲ್ಲಿ ಎಳೆಯುವುದು ಇದ್ದದ್ದೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ಇದೆ. ‘ಯೋ’ ಎಷ್ಟು ಬೇಕಾದರೂ ಎಳೆಯಿರಿ, ‘ಹೊ’ ಮುಟ್ಟಬೇಡಿ.

ಮಾತು ಕೂತ ಮೇಲೆ ಬರೀ ಶ್ರುತಿಪೆಟ್ಟಿಗೆಗೆ ರಾಗ, ಕೊನೆಗೆ ಟ್ರ್ಯಾಕ್. ಕರೋಕೆ ಟ್ರ್ಯಾಕುಗಳು ಸಾಮಾನ್ಯವಾಗಿ ಮೂಲ ಗಾಯಕರ ಶ್ರುತಿಯಲ್ಲೇ ಇರುತ್ತವೆ. ಹೆಣ್ಣುಮಕ್ಕಳಿಗೆ, ದನಿ ಒಡೆಯದ ಹುಡುಗರಿಗೆ ಅದು ಹೊಂದುವುದಿಲ್ಲ. ಆ್ಯಪ್‌ನಲ್ಲಿ ಎರಡು-ಮೂರು ಅರ್ಧಸ್ವರ ಸರಿಸಿದರೆ ನಡೆಯುತ್ತದೆ, ಐದಾರಕ್ಕೆ ಹೋದರೆ ತಬಲಾ ತಗಡು ಬಡಿದಂತೆ ಕೇಳುತ್ತದೆ. ಅಂಥ ಹಾಡಿಗೆ ಹಾರ್ಮೋನಿಯಂ, ತಬಲಾ ಸಾಕು.

ಇನ್ನೊಂದು ಮಾತು ಹಣದ್ದು. ಸಾಹಿತ್ಯದ ಹಕ್ಕು ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಬರೆದವರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. ಉದಯಶಂಕರ್ ಸಾಹಿತ್ಯಕ್ಕೆ 2053ರ ಕೊನೆಯವರೆಗೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿಸಿದರೆ 52ನೆಯ ಕಲಮಿನ ವಿನಾಯಿತಿ ಇದೆ. ಅದು ಹಾಡುವುದಕ್ಕೆ, ಧ್ವನಿಮುದ್ರಿತ ಟ್ರ್ಯಾಕಿನ ಹಕ್ಕು ಬೇರೆ. ಪ್ರಾಯೋಜಕರು ಸಿಕ್ಕರೆಂದು ಟಿಕೆಟ್ ಇಟ್ಟರಂತೂ ಪರವಾನಗಿ ಬೇಕು. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿ ಅರ್ಧದಲ್ಲೇ ದನಿ ಹೋಯಿತೆಂದು ಆಮೇಲೆ ಕೈಕೈ ಹಿಸುಕಿಕೊಳ್ಳುವುದು ಬೇಡ.

ಹದಿನಾಲ್ಕು ಹಾಡಿಗೆ ಹಾಡೊಂದಕ್ಕೆ ಐದು ನಿಮಿಷದಂತೆ 70 ನಿಮಿಷ. ನಿರೂಪಣೆ ಹಾಡಿಗೆ ಎರಡು ನಿಮಿಷ ಮೀರದಿದ್ದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಹೊತ್ತು ಮೀರಿದರೆ ಕತ್ತರಿ ಬೀಳುವುದು ಕೊನೆಯಲ್ಲಿ ನಿಂತ ಚಿಕ್ಕ ಮಕ್ಕಳ ಹಾಡಿಗೆ, ಅಧ್ಯಕ್ಷರ ಭಾಷಣಕ್ಕಲ್ಲ. ಆದ್ದರಿಂದ ಮಕ್ಕಳು ಮೊದಲು.

ತಾಲೀಮು ಪ್ರತಿ ಭಾನುವಾರ. ನೀಲಿ, ಕೆಂಪು ಎರಡು ಪೆನ್ನು ತನ್ನಿ. ದೇಹುವಿನಿಂದ ಪಂಢರಪುರಕ್ಕೆ ತುಕೋಬಾನ ಪಾದುಕೆ ಹೊತ್ತು ಸಾಗುವ ಪಾಲಖಿ (ಪಲ್ಲಕ್ಕಿ) ಊರಲ್ಲಿ ತಂಗುವ ದಿನಗಳಲ್ಲಿ ಮಾತ್ರ ತಾಲೀಮು ಇಲ್ಲ, ಪೇಟೆಯ ರಸ್ತೆಗಳೆಲ್ಲ ಮುಚ್ಚಿರುತ್ತವೆ. ಅವತ್ತು ತುಕೋಬಾನೇ ಊರಿಗೆ ಬಂದಿರುತ್ತಾನೆ.